ಎಚ್ಚರ ನಿಮ್ಮದು, ಜೆರಾಕ್ಸ್ ನಮ್ಮದು

ಸರ್ಕಾರವೂ ಒಮ್ಮೊಮ್ಮೆ ಬಾಯಿತಪ್ಪಿ ನಿಜ ಹೇಳುತ್ತದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಹಾಗೆ ಹೇಳಿಬಿಟ್ಟಿತು: ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ದುರ್ಬಳಕೆಯಾದೀತು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಪರವಾನಗಿ ಇಲ್ಲದ ಹೋಟೆಲು, ಚಿತ್ರಮಂದಿರಗಳು ಅದರ ಪ್ರತಿ ಇಟ್ಟುಕೊಳ್ಳುವಂತಿಲ್ಲ. ಎರಡೇ ದಿನದಲ್ಲಿ ದೆಹಲಿ ಎಚ್ಚೆತ್ತು ಪ್ರಕಟಣೆಯನ್ನು ಹಿಂಪಡೆಯಿತು. ಜನ ಅಪಾರ್ಥ ಮಾಡಿಕೊಳ್ಳಬಹುದಂತೆ. ಮಾಮೂಲಿ ಎಚ್ಚರ ಸಾಕಂತೆ.

ಮಾಮೂಲಿ ಎಚ್ಚರವನ್ನು ಯಾವುದಾದರೂ ಲಾಡ್ಜಿನ ಕೌಂಟರಿನಲ್ಲಿ ಪ್ರಯೋಗಿಸಿ ನೋಡಿ. ಮಾಸ್ಕ್ಡ್ ಆಧಾರ್ ತೋರಿಸಿದರೆ, 'ಸಾರ್, ಇದ್ರಲ್ಲಿ ನಂಬರೇ ಅಳಿಸಿಹೋಗಿದೆ. ಸರಿಯಾಗಿರೋದು ವಾಟ್ಸಾಪ್ ಮಾಡಿ' ಎನ್ನುತ್ತಾರೆ. ಮಾಡುತ್ತೀರಿ. ಅಲ್ಲಿಂದ ಮುಂದೆ ನಿಮ್ಮ ಆಧಾರ್ ಆ ಲಾಡ್ಜಿನ ಮ್ಯಾನೇಜರನ ಮೊಬೈಲಿನಲ್ಲಿ, ಆತನ ಮಗಳ ಹುಟ್ಟುಹಬ್ಬದ ಫೋಟೊಗೂ ಶುಭೋದಯದ ಗುಲಾಬಿಗೂ ನಡುವೆ, ಖಾಯಂ ವಾಸ.

ಒಟಿಪಿ ಯಾರಿಗೂ ಹೇಳಬೇಡಿ ಎಂಬ ಮಂತ್ರವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. 2023ರಲ್ಲಿ ಬೆಂಗಳೂರಿನಲ್ಲಿ ಕಳ್ಳರು ಒಟಿಪಿ ಕೇಳಲೇ ಇಲ್ಲ. ನೋಂದಣಿ ಇಲಾಖೆಯ ಆನ್‌ಲೈನ್ ಕ್ರಯಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಬೆರಳಚ್ಚೂ ಇತ್ತು. ಆ ಬೆರಳಚ್ಚಿನ ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಯಲ್ಲಿ ಒತ್ತಿದರು, ಖಾತೆ ಖಾಲಿ. ಸೈಟು ಕೊಂಡವರು ಪಾಸ್‌ವರ್ಡ್ ಬದಲಿಸಬಹುದಿತ್ತು, ಹೆಬ್ಬೆರಳು ಬದಲಿಸುವುದು ಹೇಗೆ? ಓದು ಬಾರದವರನ್ನು ಹೆಬ್ಬೆಟ್ಟು ಎಂದು ಹೀಯಾಳಿಸುತ್ತಿದ್ದ ಊರಲ್ಲಿ ಈಗ ಪಿಎಚ್‌ಡಿ ಆದವರೂ ಹೆಬ್ಬೆಟ್ಟು ಒತ್ತಿಯೇ ಬರಿಗೈಯಾದರು.

ಹಾಗಂತ ನಾವೇನು ಅನಾಥರಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದ್ದಾರೆ. ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆರು ವರ್ಷ ಯೋಚಿಸಿ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ತಂದಿತು. ಮಾಹಿತಿಯನ್ನು ಕಾಪಾಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ! ಆ ದುಡ್ಡು ಮಾನ ಕಳೆದುಕೊಂಡವರಿಗಲ್ಲ, ಸರ್ಕಾರದ ಸಂಚಿತ ನಿಧಿಗೆ. ಕಳುವಾದದ್ದು ನಮ್ಮ ಮನೆಯಲ್ಲಿ, ಜುಲ್ಮಾನೆ ಅರಮನೆಗೆ. ತನ್ನದೇ ಸಂಸ್ಥೆಗಳಿಗೆ ಈ ಕಾಯ್ದೆಯಿಂದ ವಿನಾಯಿತಿ ಕೊಡುವ ಅಧಿಕಾರವನ್ನೂ ಸರ್ಕಾರ ಮರೆಯದೆ ಇಟ್ಟುಕೊಂಡಿದೆ.

ನಮ್ಮನ್ನೂ ಮರೆತಿಲ್ಲ. ಸುಳ್ಳು ಇಲ್ಲವೇ ಕ್ಷುಲ್ಲಕ ದೂರು ಕೊಟ್ಟರೆ ನಮಗೆ 10,000 ರೂಪಾಯಿವರೆಗೆ ದಂಡ. ಅದರ ವಸೂಲಿಗೆ ಮಾತ್ರ ಯಾರೂ ಪರದಾಡಬೇಕಿಲ್ಲ. ನಮ್ಮ ವಿಳಾಸ, ಮೊಬೈಲ್ ನಂಬರು, ಬೆರಳಚ್ಚು ಈಗಾಗಲೇ ಎಲ್ಲರ ಹತ್ತಿರವೂ ಇವೆ.