ಕಿವಿಗೊಂದು ಬಿರಡೆ

ನಲವತ್ತೆಂಟನೇ ವಯಸ್ಸಿನಲ್ಲಿ ಬುಲೆಟ್ ಕೊಂಡವನು ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಎಲ್ಲರೂ ತಾವೇ ಊಹಿಸಿಕೊಂಡು ನಗುತ್ತಾರೆ. ಆದರೆ ಬುಲೆಟ್ಟಿನ ಮೇಲೆ ಕೂತು ಹಾಡು ಕೇಳಬೇಕೆಂಬ ಇನ್ನೊಂದು ಆಸೆಯನ್ನೂ ನಾನು ಮನೆಯಲ್ಲಿ ಬಾಯಿಬಿಟ್ಟೆ. "ನಾನು ಹೇಳೋದೇ ನಿಮಗೆ ಕೇಳಿಸಲ್ಲ. ರೋಡಲ್ಲಿ ಇನ್ನೇನು ಕೇಳ್ಬೇಕಂತೆ?" ಎಂದಳು ಹೆಂಡತಿ, ಅವರೆಕಾಯಿ ಬಿಡಿಸುತ್ತಾ.

ನನ್ನ ಕಣ್ಣಮುಂದೆ ಚಿತ್ರ ಸ್ಪಷ್ಟವಾಗಿತ್ತು. ಬೆಂಗಳೂರಿನಿಂದ ದಾವಣಗೆರೆಗೆ 265 ಕಿಲೋಮೀಟರ್. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳು ಸೋಮಾರಿಯಾಗಿ ತಿರುಗುತ್ತಿವೆ, ಕಿವಿಯಲ್ಲಿ ಪಿ.ಬಿ. ಶ್ರೀನಿವಾಸ್, ಕೆಳಗೆ ಡುಗು ಡುಗು. ಇದಕ್ಕಾಗಿ ಎಸ್.ಪಿ. ರಸ್ತೆಗೆ ಮೂರು ಸಲ ಹೋಗಿ ಬಂದೆ. ವೈರಿನ ಇಯರ್‌ಫೋನು ಹೆಲ್ಮೆಟ್ ಏರಿಸುವಾಗಲೇ ಕಿತ್ತುಕೊಂಡು ಕೊರಳಿಗೆ ಬಂತು. ಹಟ ಹಿಡಿದು ತುರುಕಿದರೆ ಕಿವಿಯೇ ಕರಿಗಡುಬಿನ ಅಂಚಿನಂತೆ ಮಡಚಿಕೊಂಡಿತು. ವೈರಿಲ್ಲದ್ದು ಬಂತು. ಡಾಬಸ್‌ಪೇಟೆಯಲ್ಲಿ ಟೀ ಕುಡಿಯಲೆಂದು ಹೆಲ್ಮೆಟ್ ತೆಗೆದಾಗ ಎಡಗಿವಿಯದು ಚಿಮ್ಮಿ ಕಬ್ಬಿಣದ ಲಾರಿಯೊಂದರ ಕೆಳಗೆ ಹೋಯಿತು. ಬಲಗಿವಿಯದು ಇನ್ನೂ ಹಾಡುತ್ತಲೇ ಇತ್ತು, ಪಾಪ. ಮೂರನೆಯದು ಹೊರಗಿನ ಸದ್ದನ್ನು ತಾನೇ ಅಳಿಸುವ ಜಾಣ ಜಾತಿಯದು. ಅದರ ಪುಟ್ಟ ಮೈಕಿಗೆ ನೇರವಾಗಿ ಗಾಳಿ ಬಡಿದರೆ ಜಾಣತನವೆಲ್ಲ ಗಲಿಬಿಲಿಯಾಗಿ, ಹಾಡಿನ ಮಧ್ಯೆ ಯಾರೋ ಗೋಣಿಚೀಲ ಎಳೆದಾಡಿದಂತೆ ಕೇಳುತ್ತದೆ. ಗಾಳಿಯನ್ನು ಮೀರಿಸಲು ನಾನು ವಾಲ್ಯೂಮ್ ಏರಿಸಿದೆ. ಸಂತೆಯ ಗದ್ದಲ ಅಡಗಿಸಲು ತಮಟೆ ತರಿಸಿದ ಹಾಗಾಯಿತು. ಮೇಲಾಗಿ, ಕಿವಿಯಲ್ಲಿ ಅದು ಕಂಡರೆ ಸಿಗ್ನಲ್ಲಿನಲ್ಲಿ ಪೊಲೀಸರು ಕೈ ಅಡ್ಡ ಹಾಕುತ್ತಾರೆ. ಹಾಕಲೇಬೇಕು ಬಿಡಿ.

ಏಳು ಸಾವಿರ ರೂಪಾಯಿ ಹೀಗೆ ಗಾಳಿಗೆ ಹೋದ ಮೇಲೆ, ಒಂದು ರಾತ್ರಿ ಕುಕ್ಕರ್ ಕೂಗಲು ಶುರುವಾಯಿತು. ಎದ್ದು ಹೋಗಿ ಅಡುಗೆಮನೆ ನೋಡಿದೆ. ಒಲೆ ಆರಿತ್ತು. ಕೂಗುತ್ತಿದ್ದದ್ದು ನನ್ನ ಕಿವಿಯೊಳಗೆ.

ಕಿವಿ ಡಾಕ್ಟರು ಒಂದು ಗೂಡಿನಲ್ಲಿ ಕೂರಿಸಿ, ಕೈಗೆ ಗುಂಡಿ ಕೊಟ್ಟು, ಕೀ ಎಂದು ಕೇಳಿಸಿದಾಗ ಒತ್ತಿ ಎಂದರು. ಪರೀಕ್ಷೆ ಎಂದ ಮೇಲೆ ಹಳೇ ಬುದ್ಧಿ ಬಿಡುತ್ತದೆಯೇ? ಕೇಳಿಸದಿದ್ದರೂ ಅಂದಾಜಿನ ಮೇಲೆ ನಾಲ್ಕಾರು ಸಲ ಒತ್ತಿದೆ. ಆದರೂ ಕಾಗದದ ಗೆರೆ 4000 ಹರ್ಟ್ಜ್ ಹತ್ತಿರ ಒಂದು ಗುಂಡಿಗೆ ಬಿದ್ದು ಎದ್ದಿತ್ತು. ಡಾಕ್ಟರು ಅದರ ಮೇಲೆ ಪೆನ್ನು ಇಟ್ಟು, "ಮಿಲ್ಲಲ್ಲಿ ಕೆಲಸ ಮಾಡ್ತಿದ್ರಾ?" ಎಂದರು. ನಾನು ಬ್ಯಾಂಕಿನವನು ಎಂದೆ. ನಮ್ಮಪ್ಪ ಮಿಲ್ಲಿನವರು ಎಂದು ಯಾಕೋ ಹೇಳಲಿಲ್ಲ.

ತಪ್ಪು ಬುಲೆಟ್ಟಿನದಲ್ಲವಂತೆ, ಗಾಳಿಯದು. ವೇಗ ಏರಿದ ಮೇಲೆ ಎಂಜಿನ್ನಿಗಿಂತ ಹೆಲ್ಮೆಟ್ಟಿನ ಸುತ್ತ ಸುಳಿಯುವ ಗಾಳಿಯದೇ ದೊಡ್ಡ ಗಲಾಟೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಅಲ್ಲಿಂದಾಚೆ 3 ಏರಿದಾಗೊಮ್ಮೆ ಹೊತ್ತು ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಒಂದೇ ಗಂಟೆ. ನಾನು ತೊಂಬತ್ತರಲ್ಲಿ ಹೋಗುವಾಗ ಹೆಲ್ಮೆಟ್ಟಿನೊಳಗೆ ಅಷ್ಟಂತೂ ಇದ್ದೇ ಇರುತ್ತದೆ. ಬ್ಯಾಂಕಿನ ತಲೆ ತಕ್ಷಣ ಲೆಕ್ಕ ಹಾಕಿತು. ತುಮಕೂರಿಗೆ ನನ್ನ ಕಿವಿಯ ದಿನದ ರೇಷನ್ ಖಾಲಿ. ಸಿರಾ, ಹಿರಿಯೂರು, ಚಿತ್ರದುರ್ಗ ಎಲ್ಲ ಸಾಲದ ಮೇಲೆ. ಒಳಗಿವಿಯ ಸಣ್ಣ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲವಾದ್ದರಿಂದ ಈ ಸಾಲಕ್ಕೆ ಮನ್ನಾ ಕೂಡ ಇಲ್ಲ.

ಮದ್ದು ಸಿಕ್ಕಿದ್ದು ಗಂಬೂಟು, ಕೈಗವಸು ಮಾರುವ ಅಂಗಡಿಯಲ್ಲಿ. ಕಿತ್ತಳೆ ಬಣ್ಣದ ಫೋಮಿನ ಬಿರಡೆ, ಐವತ್ತು ರೂಪಾಯಿಗೆ ಐದು ಜೊತೆ. ಮನೆಯಲ್ಲಿ ಅದನ್ನು ಸೀಸೆಗೆ ಜಡಿದಂತೆ ಕಿವಿಗೆ ಜಡಿದುಕೊಂಡು ಹೊರಟೆ. ಹಿರಿಯೂರು ಬರುವಷ್ಟರಲ್ಲಿ ಎರಡೂ ಹೊರಬಂದು ಹೆಲ್ಮೆಟ್ಟಿನೊಳಗೆ ಉರುಳಾಡುತ್ತಿದ್ದವು. ಪೆಟ್ರೋಲ್ ಬಂಕಿನ ಪಕ್ಕ ಬೇವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿ, ಗಂಡಸರು ಎಲ್ಲ ಕೆಟ್ಟ ಮೇಲೆ ಮಾಡುವ ಕೆಲಸವನ್ನು ಮಾಡಿದೆ. ಪ್ಯಾಕೆಟ್ಟಿನ ಹಿಂದಿನ ಸೂಚನೆ ಓದಿದೆ.

ಬಿರಡೆಯನ್ನು ಬೆರಳುಗಳ ನಡುವೆ ಬತ್ತಿಯಂತೆ ಹೊಸೆಯಬೇಕು. ಆಚೆ ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಆಗ ಒಳಗಿನ ಓಣಿ ನೆಟ್ಟಗಾಗುತ್ತದೆ. ಬತ್ತಿ ತೂರಿಸಿ, ಅದು ಒಳಗೆ ಉಬ್ಬುವವರೆಗೆ ಮೂವತ್ತು ಸೆಕೆಂಡು ಒತ್ತಿ ಹಿಡಿಯಬೇಕು. ಎಡಗಿವಿಗೆ ಹಾಕಿದೆ. ಬಲಗಿವಿಗೆ ಹಾಕಿದೆ. ಕಣ್ಣು ಮುಚ್ಚಿ, ಕೈಯನ್ನು ತಲೆಯ ಮೇಲೆ ಹೊತ್ತು, ಕಿವಿ ಹಿಂಡಿಕೊಂಡು ಎಣಿಸುತ್ತಾ ನಿಂತೆ. ಲೋಕ ಮೆಲ್ಲಗೆ ದೂರ ಸರಿಯಿತು.

ಕಣ್ಣು ಬಿಟ್ಟರೆ ಎದುರಿಗೆ ಗಣಪತಿ. ಬೇವಿನ ಬುಡದಲ್ಲಿ ಆಳೆತ್ತರದ ಗುಡಿಯೊಂದಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಪಕ್ಕದಲ್ಲಿ ಕಡ್ಲೆಕಾಯಿ ಪುಟ್ಟಿ ಇಟ್ಟುಕೊಂಡ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಮುಂದಿನ ಸಂಭಾಷಣೆಯಲ್ಲಿ ಅವಳ ಪಾಲಿನ ಮಾತುಗಳನ್ನು ನಾನು ಆಮೇಲೆ ಪೆಟ್ರೋಲ್ ಹಾಕುವ ಹುಡುಗನಿಂದ ಸಂಗ್ರಹಿಸಿದ್ದು. ನನ್ನ ಪಾಲಿನದು ಒಂದೇ ಮಾತು.

"ಏನಪ್ಪಾ, ಏನಾರ ತಪ್ಪು ಮಾಡ್ಕಂಡ್ಯಾ?"

"ಹ್ಞೂಂ."

"ಹೆಂಡ್ತಿ ಕೂಟೆ ಜಗಳ ಆಡ್ಕಂಡ್ ಬಂದ್ಯಾ?"

"ಹ್ಞೂಂ."

"ಕುಡಿಯೋದೂ ಐತಾ?"

"ಹ್ಞೂಂ, ಹ್ಞೂಂ."

ಎರಡು ಸಲ ಅಂದೆನಂತೆ. ಹುಡುಗ ಬೆರಳು ಎತ್ತಿ ತೋರಿಸಿದ.

ಅಜ್ಜಿ ಎದ್ದು ಬಂದಳು. ಬಲಗೈಯಿಂದ ತನ್ನ ಎಡಗಿವಿ, ಎಡಗೈಯಿಂದ ಬಲಗಿವಿ ಹಿಡಿದು ತೋರಿಸಿದಳು. ನನಗೆ ಅಚ್ಚರಿಯಾಯಿತು: ಎರಡೂ ಬಿರಡೆಗಳನ್ನು ಒಟ್ಟಿಗೇ ಒತ್ತುವ ಉಪಾಯ ಈ ಹಳ್ಳಿ ಮುದುಕಿಗೆ ಹೇಗೆ ಗೊತ್ತು? ಕೃತಜ್ಞತೆಯಿಂದ ಹಾಗೇ ಹಿಡಿದುಕೊಂಡೆ. ಅಷ್ಟರಲ್ಲಿ ಅವಳು ಮಂಡಿ ಬಗ್ಗಿಸಿದಳು. ಆಗ ಹೊಳೆಯಿತು. ಹೊಳೆದು ಏನು ಬಂತು? ಟೀ ಅಂಗಡಿಯಿಂದ ಮೂವರು, ಬಂಕಿನಿಂದ ಇಬ್ಬರು ಸಾಕ್ಷಿಗಳು ಸೇರಿದ್ದರು. ಈಗ ಕೈ ಬಿಟ್ಟರೆ ತಪ್ಪು ಮಾಡಿದ್ದಲ್ಲದೆ ದೇವರಿಗೂ ಬಗ್ಗದವನಾಗುತ್ತಿದ್ದೆ. ಚರ್ಮದ ಜಾಕೆಟ್ಟು, ಮಂಡಿಗೆ ಪ್ಯಾಡು ಕಟ್ಟಿದ ಬ್ಯಾಂಕ್ ಮ್ಯಾನೇಜರು ಹೆದ್ದಾರಿಯ ಪಕ್ಕ ಬಸ್ಕಿ ಹೊಡೆದ. ಅಜ್ಜಿ ಬೆರಳು ಮಡಚಿ ಎಣಿಸಿದಳು. ಐದಕ್ಕೆ ಬಿಡುತ್ತಾಳೆಂದುಕೊಂಡೆ. ಅವಳು ಇನ್ನೊಂದು ಕೈ ತೆಗೆದಳು. ಬಿರಡೆ ಹಾಕಿದ ಕಿವಿಗೆ ಹೊರಗಿನದು ಕೇಳದಿದ್ದರೂ ಮೈಯೊಳಗಿನದು ದುಪ್ಪಟ್ಟು ಕೇಳುತ್ತದೆಂಬ ಜ್ಞಾನ ನನಗೆ ಏಳನೆಯ ಬಸ್ಕಿಯಲ್ಲಿ ಲಭಿಸಿತು. ನನ್ನ ಮಂಡಿಗಳು ಒಣಪುಳ್ಳೆ ಮುರಿದಂತೆ ಲಟಕ್ ಲಟಕ್ ಎನ್ನುತ್ತಿದ್ದವು. ಹನ್ನೊಂದಕ್ಕೆ ಅವಳಿಗೇ ಕರುಣೆ ಬಂತು. ಹಣೆಗೆ ಕುಂಕುಮವಿಟ್ಟು, ಕೇಳದೆಯೇ ಎರಡು ಸೇರು ಕಡ್ಲೆಕಾಯಿ ಅಳೆದು ಚೀಲಕ್ಕೆ ಸುರಿದಳು. ಅದಕ್ಕೂ ಹ್ಞೂಂ ಎಂದಿದ್ದೆನಂತೆ.

ಅಲ್ಲಿಂದ ಮುಂದಿನ ದಾರಿ ಬೇರೆಯೇ ಲೋಕ. ಗಾಳಿಯ ಬೊಬ್ಬೆ ಇಳಿದು ಡುಗು ಡುಗು ತಳದಿಂದ ಎದ್ದು ಬಂತು. ಹಿಂದಿನ ಬಸ್ಸಿನ ಹಾರ್ನು ಮೊದಲಿಗಿಂತ ಬಿಡಿಯಾಗಿ ಕೇಳಿತು. ಹಾಡು ಬೇಕೆನಿಸಲೇ ಇಲ್ಲ. ಆದರೆ ಆ ಹ್ಞೂಂ ಮಾತ್ರ ನನ್ನನ್ನು ಬಿಡಲಿಲ್ಲ. ಅದು ನನ್ನದಲ್ಲ, ಎಲ್ಲೋ ಕೇಳಿದ್ದು.

ಅಪ್ಪ 27 ವರ್ಷ ಮಗ್ಗದ ವಿಭಾಗದಲ್ಲಿದ್ದರು. ನೂರಾರು ಮಗ್ಗಗಳ ನಡುವೆ ದಿನಕ್ಕೆ 8 ಗಂಟೆ. ಕಿವಿಗೆ ಬಿರಡೆ ಇರಲಿ, ಒಂದು ಹತ್ತಿಯ ಉಂಡೆ ಕೊಟ್ಟವರಿಲ್ಲ. ಸುತ್ತಲೂ ಇದ್ದದ್ದೆಲ್ಲ ಹತ್ತಿಯೇ. ಮಿಲ್ಲು ಮುಚ್ಚಿದಾಗ ಕೈಗೆ ಬಂದ ಲೆಕ್ಕದ ಚೀಟಿಯಲ್ಲಿ ಕಿವಿಯ ಬಾಬ್ತು ಇರಲಿಲ್ಲ. ಅಪ್ಪನದು ಜಾಣ ಕಿವುಡು ಎಂದು ಅವ್ವ ಹೇಳುತ್ತಿದ್ದಳು, ನಾವು ಮಕ್ಕಳು ನಗುತ್ತಿದ್ದೆವು. ಸದ್ದಿಗೆ ಕೆಟ್ಟ ಕಿವಿಯಿಂದ ಮೊದಲು ಜಾರುವುದು ಸ, ಶ, ತ ಥರದ ಮೆಲು ಅಕ್ಷರಗಳು, ಸ್ವರಗಳು ಉಳಿಯುತ್ತವೆ ಎಂದು ಡಾಕ್ಟರು ಹೇಳಿದ್ದು ಚಿತ್ರದುರ್ಗ ದಾಟುವಾಗ ನೆನಪಾಯಿತು. ಊಟಕ್ಕೆ ಕೂತಾಗ ಅವ್ವ ಸೌಟು ಹಿಡಿದು "ಸಾಕಾ?" ಎನ್ನುವಳು. ಅಪ್ಪ "ಹ್ಞೂಂ" ಎನ್ನುವರು. ಅವ್ವ ಪಾತ್ರೆ ಎತ್ತಿಕೊಂಡು ಹೋಗುವಳು. ಅಪ್ಪ ತಟ್ಟೆಯ ಮುಂದೆ ಇನ್ನೂ ಸ್ವಲ್ಪ ಹೊತ್ತು ಕೂತಿರುತ್ತಿದ್ದರು. ಅವರಿಗೆ ಕೇಳಿಸುತ್ತಿದ್ದದ್ದು "ಹಾಕಾ?" ಎಂದು.

ನಾನು ದಾವಣಗೆರೆಯ ಮನೆ ಮುಟ್ಟಿದ ಅವತ್ತಿನ ರಾತ್ರಿಯೂ ಅವ್ವ ಕೇಳಿದಳು, ಅಪ್ಪ ಹ್ಞೂಂ ಎಂದರು. ನಾನು ಸೌಟು ಕಸಿದುಕೊಂಡು ಅನ್ನ ಬಡಿಸಿದೆ. "ಅವರೇ ಸಾಕು ಅಂದ್ರಲ್ಲೋ" ಎಂದಳು ಅವ್ವ. ಅಪ್ಪ ಮಾತಾಡದೆ ಸಾರಿಗೆ ಕೈ ತೋರಿಸಿದರು.

ಊಟವಾದ ಮೇಲೆ ಕಡ್ಲೆಕಾಯಿ ಸುಲಿಯುತ್ತಾ, ಹನ್ನೊಂದು ಬಸ್ಕಿಯ ಕತೆಯನ್ನೆಲ್ಲ ಅವರ ಕಿವಿಗೆ ಕೂಗಿ ಹೇಳಿದೆ. ಪಕ್ಕದ ಮನೆಯಲ್ಲಿ ಯಾರೋ ನಕ್ಕದ್ದು ಕೇಳಿಸಿತು. ಅಪ್ಪ ಕೊನೆಯವರೆಗೂ ಗಂಭೀರವಾಗಿ ಕೇಳಿ, "ಜಾಸ್ತಿ ಕೊಟ್ಟೆಯೇನೋ?" ಎಂದರು.

ಕಡ್ಲೆಕಾಯಿಗೋ, ಬುಲೆಟ್ಟಿಗೋ ತಿಳಿಯಲಿಲ್ಲ. ಹ್ಞೂಂ ಎಂದೆ.