ಹುಲಿವೇಷದ ಕಾರುಗಳು

ನಾಲ್ಕು ಬಾಗಿಲಿನ ಸಾದಾ ಸೆಡಾನ್ ಒಂದನ್ನು ತೆಗೆದುಕೊಳ್ಳಿ. ಎರಡು ಬಾಗಿಲು ಕಿತ್ತುಹಾಕಿ. ಹಿಂದೆ ಕೂತವರ ನೆತ್ತಿಗೆ ತಾಗುವಷ್ಟು ಚಾವಣಿ ತಗ್ಗಿಸಿ. ಹಿಂದೇನು ಬರುತ್ತಿದೆ ಎಂದು ಕಾಣದ ಹಾಗೆ ಹಿಂಗಾಜನ್ನು ಮಲಗಿಸಿ. ಎಂಜಿನ್ನನ್ನು ಮಾತ್ರ ಮುಟ್ಟಬೇಡಿ. ಪಾಪ, ಅದರ ಪಾಡಿಗೆ ಅದಿರಲಿ. ಈಗ ಮೊದಲಿನದಕ್ಕಿಂತ ಹೆಚ್ಚು ಬೆಲೆ ಹೇಳಿ. ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಅಮೆರಿಕದ ಹುಡುಗ ಹುಡುಗಿಯರು ಸಾಲ ಮಾಡಿ ಕೊಂಡದ್ದು ಇದನ್ನೇ: ಕೈಗೆಟಕುವ ಬೆಲೆಯ, ಮುಂದಿನ ಚಕ್ರ ಎಳೆಯುವ, ಪುಟ್ಟ ಕೂಪೆ. ಮೋಸವಾಯಿತೆಂದು ಯಾರೂ ದೂರು ಕೊಡಲಿಲ್ಲ. ಭಾನುವಾರ ತೊಳೆದು, ಮೇಣ ತಿಕ್ಕಿ, ಪಕ್ಕದಲ್ಲಿ ಕೈಕಟ್ಟಿ ನಿಂತು ಫೋಟೊ ತೆಗೆಸಿಕೊಂಡರು.

ಮಂಗಳೂರಿನ ಕಡೆ ನವರಾತ್ರಿಯಲ್ಲಿ ಹುಲಿವೇಷ ಹಾಕುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕಸುಬು. ಮೈಮೇಲೆ ಪಟ್ಟೆ, ಹಿಂದೊಂದು ಬಾಲ, ಒಳಗಿರುವವನು ನಮ್ಮ ನಿಮ್ಮಂಥವನೇ. ಆದರೆ ಹುಲಿವೇಷದವರು ನನ್ನನ್ನು ಕ್ಷಮಿಸಬೇಕು. ಅವರು ತಾಸೆಯ ಪೆಟ್ಟಿಗೆ ನಿಜವಾಗಿಯೂ ಲಾಗ ಹೊಡೆಯುತ್ತಾರೆ, ಅಕ್ಕಿಮುಡಿಯನ್ನು ಹಲ್ಲಲ್ಲಿ ಕಚ್ಚಿ ಎತ್ತಿ ಹಿಂದಕ್ಕೆಸೆಯುತ್ತಾರೆ. ಈ ಕಾರುಗಳು ಎತ್ತಿಸಿದ್ದು ಸಾಲವನ್ನು ಮಾತ್ರ.

ಹ್ಯುಂಡೈ ಕಂಪನಿಯನ್ನೇ ನೋಡಿ. 1990ರ ಸುಮಾರಿಗೆ ಅದು ಸ್ಕೂಪ್ ಎಂಬ ಕಾರನ್ನು ತಂದಿತು. ಅಡಿಯಲ್ಲಿ ಅಗ್ಗದ ಎಕ್ಸೆಲ್ ಕಾರಿನ ಅಸ್ಥಿಪಂಜರ, ಮುಂದೆ ಮಿತ್ಸುಬಿಷಿಯ 1.5 ಲೀಟರ್ ಎಂಜಿನ್, ಅದರಲ್ಲಿ 81 ಅಶ್ವಶಕ್ತಿ. ಕುದುರೆಗಳು ಕಡಿಮೆಯೇನಲ್ಲ, ಆದರೆ ಅವುಗಳಿಗೆ ಯಾರೂ ಓಡು ಎಂದು ಹೇಳಿರಲಿಲ್ಲ. ಆಮೇಲೆ 1996ರಲ್ಲಿ ಟಿಬುರಾನ್ ಬಂತು. ಸ್ಪ್ಯಾನಿಶರು ಶಾರ್ಕ್ ಮೀನಿಗೆ ಹೀಗೆನ್ನುತ್ತಾರೆ. ಉಬ್ಬಿದ ಭುಜ, ಬಿಗಿದ ಸೊಂಟ, ಕಣ್ಣು ಕಿರಿದುಮಾಡಿ ನೋಡುವ ದೀಪಗಳು. ತೊಗಲು ಸುಲಿದರೆ ಒಳಗೆ ಎಲಾಂಟ್ರಾ, ಅಂದರೆ ಗುಮಾಸ್ತರು ಆಫೀಸಿಗೆ ಹೋಗಿಬರುವ ಕಾರು. 2001ರ ಎರಡನೇ ಪೀಳಿಗೆಯ ಟಿಬುರಾನ್ ಫೆರಾರಿ 456ರ ದೂರದ ಸಂಬಂಧಿಯಂತೆ ಕಾಣುತ್ತಿತ್ತು. ಅಷ್ಟೇ ಸಾಕಾಯಿತು. ಪ್ಲಾಸ್ಟಿಕ್ ಬಂಪರ್ ಕಟ್ಟಿ, ನೆಗೆಯುವ ಕುದುರೆಯ ಲಾಂಛನ ಅಂಟಿಸಿ ತಿರುಗುವವರು ಹುಟ್ಟಿಕೊಂಡರು. ಸಿಗ್ನಲ್ಲಿನಲ್ಲಿ ನಿಂತಿರುವಾಗ ಫೆರಾರಿ, ಹಸಿರು ದೀಪ ಬಿದ್ದ ಮೇಲೆ ಎಲಾಂಟ್ರಾ.

ಹಸಿರು ದೀಪ ಬಿದ್ದ ಮೇಲೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಎಂಜಿನ್ನನ್ನು ಮುಂದೆ ಅಡ್ಡಲಾಗಿಟ್ಟು ಗೇರ್‌ಬಾಕ್ಸನ್ನು ಅದರ ಪಕ್ಕಕ್ಕೇ ಕೂರಿಸಿದರೆ ಹಿಂದಿನವರೆಗೆ ಶಾಫ್ಟ್ ಎಳೆಯುವ ಖರ್ಚಿಲ್ಲ, ಹಿಂದೊಂದು ಡಿಫರೆನ್ಷಿಯಲ್ ಬೇಕಿಲ್ಲ, ಒಳಗೆ ಕಾಲು ಚಾಚಲು ಜಾಗ, ಮಳೆಯಲ್ಲಿ ಹಿಮದಲ್ಲಿ ಹಿಡಿತ. ಸಂಸಾರಸ್ಥರಿಗೆ ಇದಕ್ಕಿಂತ ಜಾಣ ಏರ್ಪಾಡಿಲ್ಲ. ಆದರೆ ಗಾಡಿ ಧಿಡೀರನೆ ಮುನ್ನುಗ್ಗುವಾಗ ಭಾರ ಹಿಂದಕ್ಕೆ ವಾಲುತ್ತದೆ. ಎಳೆಯಬೇಕಾದ ಮುಂದಿನ ಟಯರುಗಳು ಸರಿಯಾಗಿ ಅದೇ ಗಳಿಗೆಯಲ್ಲಿ ಹಗುರಾಗಿ ಜಾರುತ್ತವೆ. ಎಂಜಿನ್ನಿನ ಜೋರು ಹೆಚ್ಚಿದಷ್ಟೂ ಸ್ಟೇರಿಂಗು ಕೈಯಿಂದ ತಪ್ಪಿಸಿಕೊಂಡು ಒಂದು ಕಡೆಗೆ ಎಳೆಯುತ್ತದೆ. ತಿರುವಿನಲ್ಲಿ ಹುರುಪು ಮಿತಿಮೀರಿದರೆ ನೀವು ಎತ್ತ ತಿರುಗಿಸಿದರೂ ಮೂತಿ ತನ್ನ ದಾರಿ ಹಿಡಿಯುತ್ತದೆ. ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು ಹೊರುವುದು ಎಲ್ಲ ಮುಂದಿನ ಎರಡು ಚಕ್ರದ ಪಾಲು. ಹಿಂದಿನೆರಡಕ್ಕೆ ಜೊತೆಗೆ ಬರುವುದಷ್ಟೇ ಕೆಲಸ.

ಇಷ್ಟೆಲ್ಲ ತಿಳಿದ ಮೇಲೂ ಈ ಕೂಪೆಗಳ ಒಡೆಯರು ದೊಡ್ಡ ಅಲ್ಯೂಮಿನಿಯಂ ರೆಕ್ಕೆಯೊಂದನ್ನು ಬೋಲ್ಟ್ ಹಾಕಿ ಬಿಗಿದದ್ದು ಎಲ್ಲಿಗೆ? ಡಿಕ್ಕಿಯ ಮೇಲೆ. ಅಂದರೆ ದುಡಿಯದ ಚಕ್ರಗಳ ನೆತ್ತಿಯ ಮೇಲೆ, ಅವು ನೆಲಕ್ಕೆ ಗಟ್ಟಿಯಾಗಿ ಅಂಟಿಕೊಂಡಿರಲಿ ಎಂದು. ರೇಸ್ ಟ್ರ್ಯಾಕಿನ ವೇಗದಲ್ಲಿ ಇದರಿಂದ ಹಿಂಭಾಗ ಸ್ಥಿರವಾಗಿರುತ್ತದೆ, ಒಪ್ಪೋಣ. ಆದರೆ ಈ ರೆಕ್ಕೆಗಳಲ್ಲಿ ಬಹುಪಾಲು ಆಯುಷ್ಯ ಕಳೆದದ್ದು ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ, ತಮ್ಮ ಮೇಲೆ ಕೋಲಾ ಲೋಟ ಇಟ್ಟುಕೊಂಡು.

ಈ ವೇಷವನ್ನು ಮನಸಾರೆ ನಂಬಿದವರು ಇಬ್ಬರೇ. ಒಬ್ಬರು ಹಾಲಿವುಡ್ಡಿನವರು. 2001ರ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಚಿತ್ರದಲ್ಲಿ ಹೆದ್ದಾರಿಯ ಲಾರಿಗಳನ್ನು ದೋಚುವ ಭಯಂಕರ ಡಕಾಯಿತರು ಬರುವುದು ಕಪ್ಪು ಬಣ್ಣದ ಹೊಂಡಾ ಸಿವಿಕ್ ಕೂಪೆಗಳಲ್ಲಿ, ಹೊಟ್ಟೆಯಡಿ ಹಸಿರು ನಿಯಾನ್ ದೀಪ ಹಾಕಿಕೊಂಡು. ದೋಚುವುದು ಚಿನ್ನವನ್ನಲ್ಲ, ಡಿವಿಡಿ ಪ್ಲೇಯರುಗಳನ್ನು. ಕಾರಿಗೆ ತಕ್ಕ ಲೂಟಿ. ನಾಯಕನಿಗೆ ಹಸಿರು ಮಿತ್ಸುಬಿಷಿ ಎಕ್ಲಿಪ್ಸ್ ಕೊಟ್ಟಿದ್ದಾರೆ. ಕಾಲು ಮೈಲಿಯ ಓಟದಲ್ಲಿ ಅವನು ಗೇರ್ ಬದಲಿಸುವುದನ್ನು ಎಣಿಸಲು ಹೋದರೆ ಬೆರಳು ಸಾಲದು. ಕೊನೆಗೆ ಲ್ಯಾಪ್‌ಟಾಪ್ ಎಚ್ಚರಿಕೆ ಕೊಡುತ್ತದೆ, ಕಾರಿನ ತಳದ ತಗಡೇ ಕಳಚಿ ರಸ್ತೆಗೆ ಬೀಳುತ್ತದೆ. ಇಡೀ ಚಿತ್ರದಲ್ಲಿ ಅಗ್ಗದ ಕೂಪೆಯ ಬಗ್ಗೆ ಹೇಳಿದ ಅಪ್ಪಟ ಸತ್ಯ ಅದೊಂದೇ ಎಂದು ನನ್ನ ಅನಿಸಿಕೆ.

ಎರಡನೆಯವರು ಇನ್ಶೂರೆನ್ಸ್ ಕಂಪನಿಯವರು. ಎಂಜಿನ್ ಸೆಡಾನಿನದು, ವೇಗ ಸೆಡಾನಿನದು, ಆದರೆ ಬಾಗಿಲು ಎರಡು, ಓಡಿಸುವವನ ವಯಸ್ಸು ಹತ್ತೊಂಬತ್ತು ಎಂದು ಗೊತ್ತಾದ ಕೂಡಲೇ ಪ್ರೀಮಿಯಂ ಏರಿಸಿಬಿಡುತ್ತಿದ್ದರು. ಗೆಳತಿ ನಂಬದಿದ್ದರೂ ಗೆಳೆಯರು ನಗಾಡಿದರೂ ಈ ಕಾರು ವೇಗದ್ದೆಂದು ಪ್ರತಿ ವರ್ಷ ಲಿಖಿತವಾಗಿ ದೃಢೀಕರಿಸಿದವರು ಅವರೊಬ್ಬರೇ.

ಅಮೆರಿಕಕ್ಕೆ ಓದಲು ಹೋದ ನಮ್ಮ ಹುಡುಗರೂ ಸೆಕೆಂಡ್ ಹ್ಯಾಂಡ್ ಕೂಪೆಗೆ ಮರುಳಾದದ್ದುಂಟು. ಪರೀಕ್ಷೆ ಬರುತ್ತಿದ್ದದ್ದು ಘಟಿಕೋತ್ಸವಕ್ಕೆಂದು ಊರಿಂದ ಅಪ್ಪ ಅಮ್ಮ ಬಂದಿಳಿದಾಗ. ಏರ್‌ಪೋರ್ಟಿನ ಹೊರಗೆ ಎರಡು ದೊಡ್ಡ ಸೂಟ್‌ಕೇಸು, ಚಟ್ನಿಪುಡಿ ಹಪ್ಪಳದ ಒಂದು ಕೈಚೀಲ.

“ಏನೋ ಇದು, ಹಿಂದೆ ಬಾಗಿಲೇ ಇಲ್ವಲ್ಲೋ!”

“ಸ್ಪೋರ್ಟ್ಸ್ ಕಾರಮ್ಮ. ಸೀಟು ಮುಂದಕ್ಕೆ ಬಗ್ಗಿಸ್ತೀನಿ, ನೀನು ಒಳಗೆ ನುಸುಳ್ಕೋ.”

“ನನ್ನ ಮಂಡಿಗೆ ಸ್ಪೋರ್ಟ್ಸು ಬೇಡಪ್ಪ. ಟ್ಯಾಕ್ಸಿ ಕರಿ.”

ಅಪ್ಪ ಮಾತಾಡುವುದಿಲ್ಲ. ಅವರು ಆಗಲೇ ಸಾಲದ ಕಂತು ಎಷ್ಟೆಂದು ಮನಸ್ಸಿನಲ್ಲೇ ರೂಪಾಯಿಗೆ ಲೆಕ್ಕ ಹಾಕುತ್ತಿರುತ್ತಾರೆ.

ಕೂಪೆಗಳ ಈ ಕಥೆಯಲ್ಲಿ ಜನ ಒಮ್ಮೆ ಮಾತ್ರ ದಂಗೆ ಎದ್ದರು. 1980ರ ದಶಕದಲ್ಲಿ ಫೋರ್ಡ್ ಕಂಪನಿಗೆ ತನ್ನ ಮಸ್ಟಾಂಗ್ ಕಾರನ್ನು ಮಾಜ್ದಾದ ಅಡಿಪಾಯದ ಮೇಲೆ ಮುಂದಿನ ಚಕ್ರ ಎಳೆಯುವ ಕೂಪೆಯಾಗಿ ಬದಲಿಸುವ ಬುದ್ಧಿ ಬಂತು. ಸುದ್ದಿ ಹೊರಬಿದ್ದದ್ದೇ ತಡ, ಅಭಿಮಾನಿಗಳ ಪತ್ರಗಳ ಸುರಿಮಳೆ. ಅಮೆರಿಕದಲ್ಲಿ ಚುನಾವಣೆಗೆ ಓಟು ಹಾಕಲು ಸೋಮಾರಿತನ ಮಾಡುವವರೂ ಹಿಂದಿನ ಚಕ್ರಕ್ಕಾಗಿ ಪೆನ್ನು ಹಿಡಿದರು. ಕಂಪನಿ ಹೆದರಿತು. ಮಸ್ಟಾಂಗ್ ಹಳೆಯ ಹಾಗೆಯೇ ಉಳಿಯಿತು. ತಯಾರಾಗಿದ್ದ ಹೊಸ ಕಾರನ್ನು ಎಸೆಯಲಾದೀತೆ, 1988ರಲ್ಲಿ ಪ್ರೋಬ್ ಎಂದು ಹೆಸರಿಟ್ಟು ಬೀದಿಗೆ ಬಿಟ್ಟರು. 1997ರವರೆಗೆ ಅದು ಹೇಗೋ ಬದುಕಿತು. ತಮಾಷೆ ಎಂದರೆ ಅದು ಕೆಟ್ಟ ಕಾರೇನೂ ಆಗಿರಲಿಲ್ಲ. ಇನ್ನೂ ದೊಡ್ಡ ತಮಾಷೆ ಮುಂದಿದೆ: ಅಷ್ಟು ಹೋರಾಟದಿಂದ ಪಾರಾದ ಮಸ್ಟಾಂಗ್ ಹೆಸರನ್ನು 2019ರಲ್ಲಿ ಕಂಪನಿ ನಾಲ್ಕು ಬಾಗಿಲಿನ ಎಲೆಕ್ಟ್ರಿಕ್ ಎಸ್‌ಯುವಿಗೂ ಇಟ್ಟಿತು. ಈ ಸಲ ಅಷ್ಟು ಪತ್ರ ಬಂದಂತಿಲ್ಲ. ಬರೆಯುತ್ತಿದ್ದವರಿಗೆ ಅಷ್ಟರಲ್ಲಿ ಮೊಮ್ಮಕ್ಕಳಾಗಿ, ಅವರಿಗೂ ನಾಲ್ಕು ಬಾಗಿಲು ಬೇಕಾಗಿತ್ತು.

ವೇಷ ಮಾತ್ರವಲ್ಲದೆ ಹುಲಿಯನ್ನೂ ಕೊಟ್ಟವರು ಇರಲಿಲ್ಲವೆ? ಇದ್ದರು, ಅವರ ಗತಿಯೇ ಹೆಚ್ಚು ನಗು ತರಿಸುವಂಥದ್ದು. 1999ರ ಹೊಂಡಾ ಸಿವಿಕ್ ಎಸ್‌ಐ ಕೂಪೆಯಲ್ಲಿ 1.6 ಲೀಟರ್ ಎಂಜಿನ್ನಿನಿಂದಲೇ 160 ಅಶ್ವಶಕ್ತಿ ಬರುತ್ತಿತ್ತು. ನೋಡಲು ಮಾತ್ರ ಪಕ್ಕದ ಮನೆಯ ಟೀಚರಮ್ಮನ ಕಾರು. ಟೊಯೊಟಾ ಸೆಲಿಕಾ ಜಿಟಿ-ಎಸ್‌ನಲ್ಲಿ 180 ಅಶ್ವಶಕ್ತಿ, ಆದರೆ ನಿಜವಾದ ಕಸುವು ಸಿಗಬೇಕಾದರೆ ಎಂಜಿನ್ನನ್ನು ನಿಮಿಷಕ್ಕೆ 6000 ಸುತ್ತು ದಾಟಿಸಿ ಕಿರಿಚಿಸಬೇಕು. ಅದಕ್ಕಿಂತ ಕೆಳಗೆ ಅದು ಸಾಧು. 140 ಅಶ್ವಶಕ್ತಿಯ ಸಾದಾ ಸೆಲಿಕಾಕ್ಕೂ ಅದೇ ಚೂಪು ಮೂತಿ, ಅದೇ ಕೆರಳಿದ ಕಣ್ಣು. ಕೊಂಡವರಿಗೆ ಬೇಕಾಗಿದ್ದದ್ದು ಕಣ್ಣು, ಕುದುರೆಯಲ್ಲ. ಇನ್ನು 1997ರಲ್ಲಿ ಅಮೆರಿಕಕ್ಕೆ ಬಂದ ಅಕ್ಯುರಾ ಇಂಟೆಗ್ರಾ ಟೈಪ್ ಆರ್. 1.8 ಲೀಟರ್, 195 ಅಶ್ವಶಕ್ತಿ, 8400 ಸುತ್ತಿನವರೆಗೆ ಏರುವ ಎಂಜಿನ್, ಮುಂದಿನ ಚಕ್ರಗಳ ನಡುವೆ ಜಾರಾಟ ತಡೆಯುವ ಡಿಫರೆನ್ಷಿಯಲ್. ಸದ್ದು ತಡೆಯುವ ಹೊದಿಕೆಯನ್ನೂ ತೂಕವೆಂದು ಕಡಿಮೆ ಮಾಡಿದ್ದರು. ಮುಂದಿನ ಚಕ್ರದ ಕಾರುಗಳಲ್ಲಿ ಇದಕ್ಕೆ ಸಮ ಇಲ್ಲ ಎಂದು ಬಲ್ಲವರು ಇಂದಿಗೂ ವಾದಿಸುತ್ತಾರೆ. ಇದರ ಬೆಲೆ ಸರಿಯಾಗಿ ಅರಿತವರು ಕಾರುಗಳ್ಳರು. ಎಷ್ಟು ಟೈಪ್ ಆರ್‌ಗಳು ರಾತ್ರೋರಾತ್ರಿ ಮಾಯವಾದವೆಂದರೆ, ಅಮೆರಿಕದ ಅತ್ಯಂತ ಸೂಕ್ಷ್ಮ ಅಭಿರುಚಿಯ ವಾಹನ ವಿಮರ್ಶಕರು ಜೈಲಿನಲ್ಲಿದ್ದಿರಬೇಕು.

ಯುರೋಪಿನಲ್ಲಿ ಬೇರೆ ಬಗೆಯ ಧೈರ್ಯ. 1997ರಲ್ಲಿ ಫೋರ್ಡ್ ತನ್ನ ಫಿಯೆಸ್ಟಾದ ಅಡಿಪಾಯದ ಮೇಲೆ ಪೂಮಾ ಎಂಬ ಕೂಪೆ ಮಾಡಿತು. ಓಡಿಸಲು ಮುದ್ದಾದ ಕಾರು, ಅದನ್ನಲ್ಲಗಳೆಯುವುದಿಲ್ಲ. ಆದರೆ ಅದರ ಜಾಹೀರಾತಿಗೆ ಯಾರನ್ನು ಕರೆಸಿದರು ಗೊತ್ತೆ? 1968ರ ‘ಬುಲಿಟ್’ ಚಿತ್ರದಲ್ಲಿ ಮಸ್ಟಾಂಗ್ ಓಡಿಸಿದ ನಾಯಕ ಸ್ಟೀವ್ ಮೆಕ್ವೀನ್‌ನನ್ನು. ಅವನು 1980ರಲ್ಲೇ ತೀರಿಕೊಂಡಿದ್ದ. ಕಂಪ್ಯೂಟರಿನಿಂದ ಎಬ್ಬಿಸಿ, ಆ ಚಿತ್ರದಲ್ಲಿದ್ದ ಸ್ಯಾನ್ ಫ್ರಾನ್ಸಿಸ್ಕೊದ ಏರುಬೀದಿಗಳಲ್ಲೇ ಪೂಮಾ ಓಡಿಸಲು ಕೂರಿಸಿದರು. ಬದುಕಿದ್ದಾಗ ಮಸ್ಟಾಂಗ್, ಸತ್ತ ಮೇಲೆ ಫಿಯೆಸ್ಟಾ. ಪುನರ್ಜನ್ಮದಲ್ಲಿ ಕರ್ಮ ಕೆಲಸ ಮಾಡುತ್ತದೆ ಎನ್ನುವವರು ಈ ಜಾಹೀರಾತನ್ನು ಉದಾಹರಣೆಗೆ ಬಳಸಬಹುದು.

ಹ್ಯುಂಡೈ 2011ರಲ್ಲಿ ವೆಲೋಸ್ಟರ್ ತಂದು, ಚಾಲಕನ ಕಡೆ ಒಂದು ಬಾಗಿಲು, ಆಚೆ ಕಡೆ ಎರಡು ಇಟ್ಟು ರಾಜಿ ಪಂಚಾಯತಿಗೂ ಇಳಿಯಿತು. ಎಡಕ್ಕೆ ಬ್ರಹ್ಮಚಾರಿ, ಬಲಕ್ಕೆ ಗೃಹಸ್ಥ. ಎಂಜಿನ್ ಮೊದಲು 138 ಅಶ್ವಶಕ್ತಿಯದು. ಹೆಸರಿನಲ್ಲಿದ್ದ ವೇಗ ಕಾರಿಗೆ ಬಂದದ್ದು ಆಮೇಲೆ ಟರ್ಬೊ ಹಾಕಿದಾಗ. ಅದೂ ಹೋಯಿತು. ಸೆಲಿಕಾ, ಟಿಬುರಾನ್, ಎಕ್ಲಿಪ್ಸ್, ಸಿವಿಕ್ ಕೂಪೆ, ಎಲ್ಲ ಒಂದೊಂದಾಗಿ ನಿಂತವು. ಹೆಸರುಗಳಿಗೆ ಮಾತ್ರ ಮೋಕ್ಷವಿಲ್ಲ. ಎಕ್ಲಿಪ್ಸ್ ಹೆಸರು 2017ರಲ್ಲಿ ಒಂದು ಎಸ್‌ಯುವಿಯ ಮೇಲೆ ಕೂತಿತು, ಪೂಮಾ 2019ರಲ್ಲಿ ಇನ್ನೊಂದರ ಮೇಲೆ. ಕೂಪೆಯನ್ನು ಕೊಂದದ್ದೂ ಎಸ್‌ಯುವಿಯೇ, ಅದರ ಹೆಸರಿನಲ್ಲಿ ಪಿಂಚಣಿ ತೆಗೆಯುತ್ತಿರುವುದೂ ಅದೇ.

ಈಚೆಗೆ, 2025ರಲ್ಲಿ, ಹೊಂಡಾ ತನ್ನ ಹಳೆಯ ಪ್ರಿಲ್ಯೂಡ್ ಕೂಪೆಯನ್ನು ಮತ್ತೆ ಎಬ್ಬಿಸಿದೆ. ಮುಂದಿನ ಚಕ್ರ, ಹೈಬ್ರಿಡ್ ಎಂಜಿನ್, 200 ಅಶ್ವಶಕ್ತಿ. ನಾಲ್ಕು ಬಾಗಿಲಿನ ಸಿವಿಕ್ ಹೈಬ್ರಿಡ್‌ಗೂ ಅದೇ 200. ಅದರ ಬೆಲೆ ಅಮೆರಿಕದಲ್ಲಿ ಮೂವತ್ತು ಸಾವಿರ ಡಾಲರಿನೊಳಗೇ ಶುರುವಾಗುತ್ತದೆ. ಪ್ರಿಲ್ಯೂಡ್ 42,000 ಡಾಲರಿನಿಂದ. ಸಿವಿಕ್ ಟೈಪ್ ಆರ್ ಕಾರಿನ ಸಸ್ಪೆನ್ಷನ್ ಕೊಟ್ಟಿದ್ದಾರೆ, ನಿಜ. ಕೈಯಿಂದ ಹಾಕುವ ಗೇರು ಇಲ್ಲ. ಆದರೆ ಗುಂಡಿ ಒತ್ತಿದರೆ ಗೇರು ಬಿದ್ದಂತೆ ಒಂದು ಕುಲುಕು, ಸ್ಪೀಕರಿನಿಂದ ಎಂಜಿನ್ ಏರಿದಂತೆ ಒಂದು ಗರ್ಜನೆ ಬರುವ ಏರ್ಪಾಡಿದೆ. ಮೊದಲೆಲ್ಲ ಮೈಗೆ ಮಾತ್ರ ಬಣ್ಣ ಬಳಿಯುತ್ತಿದ್ದರು, ಈಗ ಒಳಗಿನ ಸದ್ದಿಗೂ ಬಳಿದಿದ್ದಾರೆ. ಕೈಗೆಟಕುವ ಎಂಬ ಮಾತು ಮಾತ್ರ ಜಾಹೀರಾತಿನಿಂದ ಸದ್ದಿಲ್ಲದೆ ಇಳಿದುಹೋಗಿದೆ.

ನಮ್ಮ ದೇಶದಲ್ಲಿ ಕೈಗೆಟಕುವ ಬೆಲೆಯ ಎರಡು ಬಾಗಿಲಿನ ಕೂಪೆಗೆ ಎಂದೂ ಗಿರಾಕಿ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಕೂರುವ ದೇಶ ಇದು. ಆದ್ದರಿಂದ 2024ರಲ್ಲಿ ಟಾಟಾದವರು ಕರ್ವ್ ಎಂದೂ ಸಿಟ್ರೊಯೆನ್‌ನವರು ಬಸಾಲ್ಟ್ ಎಂದೂ ಕೂಪೆ-ಎಸ್‌ಯುವಿ ಇಳಿಸಿದರು. ಎಳೆಯುವುದು ಮುಂದಿನ ಚಕ್ರವೇ, ಬಾಗಿಲು ನಾಲ್ಕು, ನೆಲದಿಂದ ಎತ್ತರ ಹೊಂಡ ದಾಟುವಷ್ಟು. ಕೂಪೆ ಇರುವುದು ಚಾವಣಿಯ ಹಿಂದಿನ ಇಳಿಜಾರಿನಲ್ಲಿ ಮಾತ್ರ. ಬಸಾಲ್ಟ್ 7.99 ಲಕ್ಷಕ್ಕೆ ಶುರುವಾಯಿತು, ಆ ಬೆಲೆಗೆ 81 ಅಶ್ವಶಕ್ತಿ. ಸ್ಕೂಪ್ ಕಾರಿನ ನಂತರ ಮೂರು ದಶಕದಲ್ಲಿ ಒಂದು ಕುದುರೆಯ ಪ್ರಗತಿಯೂ ಇಲ್ಲ. ಗಾಳಿ ಸೀಳಲೆಂದು ಇಳಿಸಿದ ಆ ಚಾವಣಿ ಬೆಂಗಳೂರಿನ ಟಿನ್ ಫ್ಯಾಕ್ಟರಿ ಬಳಿ ಬಿಎಂಟಿಸಿ ಬಸ್ಸಿನ ಹಿಂದೆ ನಿಂತು ಗಾಳಿಗಾಗಿ ಕಾಯುತ್ತದೆ.

ಶೋರೂಮಿನಲ್ಲಿ ಟೈ ಕಟ್ಟಿದ ಹುಡುಗ ಅಂಗೈಯನ್ನು ಆ ಇಳಿಜಾರಿನುದ್ದಕ್ಕೂ ಜಾರಿಸಿ ತೋರಿಸುತ್ತಾನೆ. “ನೋಡಿ ಸಾರ್, ಏರೋಡೈನಮಿಕ್ಸು, ಪೂರ್ತಿ ಕೂಪೆ ಲುಕ್ಕು.” ಹಾಸನದಿಂದ ಹೆಂಡತಿ, ಮಕ್ಕಳು, ಭಾವಮೈದನ ಸಮೇತ ಬಂದ ಗಿರಾಕಿ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾನೆ, ಕತ್ತು ಎತ್ತಿ ಚಾವಣಿಯನ್ನೇ ದಿಟ್ಟಿಸುತ್ತಾನೆ.

“ಚೆನ್ನಾಗೇ ಐತೆ. ಮೇಲೊಂದು ಲಗೇಜ್ ಕ್ಯಾರಿಯರ್ ಕೂರಿಸಿಕೊಡ್ತೀರಾ?”