ಟೈಮ್ ಟೇಬಲ್ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಮಹಾರಾಜರಾಜಶ್ರೀ ಟೈಮ್ ಟೇಬಲ್ ಸಾಹೇಬರಿಗೆ,
ಕಾಲೇಜಿನ ನೋಟಿಸ್ ಬೋರ್ಡು, ಗಾಜಿನ ಒಳಗಡೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಪೋಷಕರ ಪರವಾಗಿ, ಯಾರೂ ಕೇಳಿಕೊಳ್ಳದಿದ್ದರೂ, ನಾಗಮಂಗಲ ಸೀಮೆಯ ಒಬ್ಬ ಅಪ್ಪ ಮಾಡುವ ನಮಸ್ಕಾರಗಳು. ಇತ್ತ ನಾವು ಕ್ಷೇಮ. ನಿಮಗೆ ಬೀಗ ಹಾಕಿರುವುದರಿಂದ ಅತ್ತ ನೀವೂ ಕ್ಷೇಮವೆಂದೇ ನಂಬಿದ್ದೇವೆ.

ಮಗಳು ಹೈಸ್ಕೂಲಿನಲ್ಲಿದ್ದಾಗ ನಿಮ್ಮ ತಮ್ಮನ ಪರಿಚಯವಿತ್ತು. ಹೆಡ್‌ಮಾಸ್ಟರ ಕೊಠಡಿಯ ಗೋಡೆಯ ಮೇಲೆ ಇರುತ್ತಿದ್ದರು. ಬಲು ಒರಟು ಆಸಾಮಿ. ಪ್ರಾರ್ಥನೆಗೆ ಸಾಲು, ಸಾಲು ಬಿಟ್ಟವರಿಗೆ ಪಿ.ಟಿ. ಮೇಷ್ಟ್ರ ಸೀಟಿ, ನಾಡಗೀತೆ, ಪೇಪರ್ ಓದುವುದು, ಆಮೇಲೆ ಗಂಟೆಯ ಮೇಲೆ ಗಂಟೆ. ಕನ್ನಡ ಮೇಷ್ಟ್ರು ರಜೆ ಹಾಕಿದರೆ ಗಣಿತದವರು ಓಡಿ ಬಂದು ಆ ಪೀರಿಯಡ್ಡನ್ನೂ ನುಂಗುತ್ತಿದ್ದರು. ಹುಡುಗಿ ಎರಡು ದಿನ ಕಾಣದಿದ್ದರೆ ಮನೆಗೇ ವಿಚಾರಣೆ ಬರುತ್ತಿತ್ತು. ಎಸ್ಸೆಸ್ಸೆಲ್ಸಿ ವರ್ಷವಂತೂ ಕೇಳಬೇಡಿ. ಜಿಲ್ಲೆಯ ರಿಸಲ್ಟು ಎಷ್ಟನೇ ಸ್ಥಾನಕ್ಕೆ ಬಂತೆಂದು ರಾಜ್ಯವೆಲ್ಲ ನೋಡುತ್ತದಲ್ಲ, ಅದಕ್ಕೇ ಬೆಳಗಿನ ಜಾವ ಐದಕ್ಕೆ ಮೇಷ್ಟ್ರ ಫೋನು: ಎದ್ದಿದ್ದಾಳೋ ಇಲ್ಲವೋ? ನಮ್ಮವ್ವ ಒಂದು ದಿನ ಫೋನು ಕಸಿದುಕೊಂಡು ಹೇಳಿದಳು: “ಎದ್ದವಳೆ ಸಾ, ನೀವು ಮನೀಕಳಿ.”

ಅನ್ನ ನೀರಿನ ವಿಷಯದಲ್ಲೂ ನಿಮ್ಮ ತಮ್ಮ ಹಾಗೆಯೇ. ಬಿಸಿ ಹಾಲು (ಅದು 2013ರ ಆಗಸ್ಟಿನಿಂದ), ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು, ಪಠ್ಯಪುಸ್ತಕ, ಯೂನಿಫಾರ್ಮು, ಶೂ, ಶೂ ಒಳಗೆ ಸಾಕ್ಸು. ಸರ್ಕಾರಿ ಶಾಲೆಯ ಮಗುವಿಗೆ ಇದೆಲ್ಲವೂ ಹತ್ತನೇ ತರಗತಿಯವರೆಗೆ. ಹದಿನಾರು ತುಂಬಿ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಮಧ್ಯಾಹ್ನ ಹಸಿವಾಗುವುದಿಲ್ಲ ಎಂಬುದನ್ನು ಸರ್ಕಾರ ಹೇಗೆ ಪತ್ತೆ ಹಚ್ಚಿತೋ, ಆ ವಿಜ್ಞಾನಿಗೆ ನಮ್ಮ ನಾಲ್ಕು ತಾಲ್ಲೂಕುಗಳಿಂದ ಸನ್ಮಾನ ಮಾಡಬೇಕೆಂದಿದ್ದೇವೆ. ಶಾಲೆ ಊರೊಳಗಿತ್ತು, ನಡೆದು ಹೋಗುತ್ತಿದ್ದಳು, ಆಗ ಊಟ ಸಿಕ್ಕಿತು. ಈಗ ಏಳು ಗಂಟೆಗೇ ಮನೆ ಬಿಡುತ್ತಾಳೆ, ಊಟವಿಲ್ಲ.

ಪಿಯುಸಿ ಎರಡು ವರ್ಷದ ಬಗ್ಗೆ ತಕರಾರಿಲ್ಲ. ಹೆಸರಿಗೆ ಕಾಲೇಜು, ನಡೆದದ್ದು ಹೈಸ್ಕೂಲಿನಂತೆಯೇ. 625 ಅಂಕ ಹೋಗಿ 600 ಬಂತು, ಅಷ್ಟೇ. ಸೈನ್ಸು ತೆಗೆದುಕೊಂಡ ಕನ್ನಡ ಮೀಡಿಯಂ ಮಕ್ಕಳು ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಇಂಗ್ಲಿಷಿನಲ್ಲಿ ಯೋಚಿಸಲು ಕಲಿತುಬಿಟ್ಟಿರಬೇಕೆಂದು ನಿರೀಕ್ಷಿಸಿದರು. ಅದೊಂದು ಬೇರೆ ಪತ್ರಕ್ಕೆ ಆಗುತ್ತದೆ.

ನಿಮ್ಮ ನಿಜವಾದ ದರ್ಶನವಾದದ್ದು ಮಗಳು ಬಿ.ಎ. ಸೇರಿದಾಗ. ಎಂಥ ಅಂದ! ಚೌಕದ ಪಕ್ಕ ಚೌಕ, ವಾರಕ್ಕೆ ಆರು ದಿನ, ಕೆಳಗೆ ಹಸಿರು ಶಾಯಿಯ ಸಹಿ. ಪ್ರತಿ ಚೌಕದಲ್ಲೂ ವಿಷಯದ ಕೆಳಗೆ ‘ಜಿ.ಎಲ್.’ ಎಂದಿತ್ತು. ಇತಿಹಾಸಕ್ಕೂ ಜಿ.ಎಲ್., ಅರ್ಥಶಾಸ್ತ್ರಕ್ಕೂ ಜಿ.ಎಲ್. “ಒಬ್ರೇ ಮೇಷ್ಟ್ರು ಇಷ್ಟೆಲ್ಲ ಪಾಠ ಮಾಡ್ತಾರಾ? ಭಲೇ!” ಎಂದೆ. “ಅಪ್ಪಾ, ಅದು ಗೆಸ್ಟ್ ಲೆಕ್ಚರರು. ಅವರ ಆರ್ಡರು ಇನ್ನೂ ಬಂದಿಲ್ಲ” ಎಂದಳು ಮಗಳು. ಸೆಮಿಸ್ಟರು ಆಗಲೇ ಶುರುವಾಗಿತ್ತು.

ಅತಿಥಿ ಉಪನ್ಯಾಸಕರನ್ನು ದೂರುತ್ತಿಲ್ಲ ಸಾಹೇಬರೆ. ವರ್ಷಗಟ್ಟಲೆ ಅತಿಥಿಗಳಾಗಿಯೇ ಉಳಿದವರು ಅವರು. ನಮ್ಮ ಕಡೆ ನೆಂಟರು ಮೂರು ದಿನ ನಿಂತರೆ ಕೊಟ್ಟಿಗೆ ಕೆಲಸ ಹೇಳುತ್ತೇವೆ. ಇವರಿಗೆ ಮನೆಯ ಕೆಲಸವನ್ನೆಲ್ಲ ವಹಿಸಿ, ಮನೆಯವರೆಂದು ಮಾತ್ರ ಒಪ್ಪಿಕೊಳ್ಳಲಿಲ್ಲ. 2023ರ ಕೊನೆಯಲ್ಲಿ ಕಾಯಂ ಮಾಡಿ ಎಂದು ರಾಜ್ಯವೆಲ್ಲ ಅವರು ತರಗತಿ ಬಿಟ್ಟು ಕೂತಾಗಲೇ ಗೊತ್ತಾದದ್ದು, ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿಗಳೆದ್ದು ಹೊರಟರೆ ಮನೆಯಲ್ಲಿ ಉಳಿಯುವವರು ಎಷ್ಟು ಕಡಮೆ ಎಂದು.

ಹೀಗೆ ಖಾಲಿಯಾದ ಚೌಕಗಳನ್ನು ನಮ್ಮ ಮಕ್ಕಳು ಪೋಲು ಮಾಡಿಲ್ಲ. ಶ್ರೀರಂಗಪಟ್ಟಣದವರು ದರಿಯಾ ದೌಲತ್ ತೋಟದಲ್ಲೋ ಸಂಗಮದಲ್ಲೋ ಇರುತ್ತಾರೆ. ಪಾಂಡವಪುರದವರು ಕುಂತಿಬೆಟ್ಟದ ಬಂಡೆ ಏರಿ ರೀಲ್ಸ್ ಮಾಡುತ್ತಾರೆ. ಕೆ.ಆರ್. ಪೇಟೆಯವರಿಗೆ ಹೊಸಹೊಳಲಿನ ಲಕ್ಷ್ಮೀನಾರಾಯಣನಿದ್ದಾನೆ. (2023ರಲ್ಲಿ ಯುನೆಸ್ಕೊದವರು ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಪಟ್ಟಿಗೆ ಸೇರಿಸಿ ಇವನನ್ನು ಬಿಟ್ಟರು; ಬೇಜಾರಿಲ್ಲ, ಕಾಲೇಜು ಹುಡುಗರಾದರೂ ಬರುತ್ತಾರೆ.) ನಮ್ಮ ನಾಗಮಂಗಲದವರು ಸೌಮ್ಯಕೇಶವನ ಗುಡಿಯಲ್ಲಿ. ಹೊಯ್ಸಳರ ಪಾಠ ಮಾಡುವವರ ಆರ್ಡರು ಬರುವ ಮುಂಚೆಯೇ ಹೊಯ್ಸಳರ ಪ್ರಾಕ್ಟಿಕಲ್ ಮುಗಿದಿರುತ್ತದೆ.

ಇನ್ನು ಒಂದು ಗುಟ್ಟು. ನೀವು ಕೋಪ ಮಾಡಿಕೊಳ್ಳಬಾರದು. ಮಕ್ಕಳು ಪಾಲಿಸುವುದು ನಿಮ್ಮನ್ನಲ್ಲ, ಬಸ್ಸನ್ನು. ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ಮೈಸೂರಿನ ರೈಲಿದೆ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ರೈಲು ಅಕ್ಕಿಹೆಬ್ಬಾಳಿಗೆ ಬರುತ್ತದೆ, ಪೇಟೆಗೆ ಬರುವುದಿಲ್ಲ, ನಮ್ಮಲ್ಲಿ ಬಿ.ಜಿ. ನಗರಕ್ಕೆ ಬರುತ್ತದೆ, ನಾಗಮಂಗಲಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮ ಹಳ್ಳಿಗೆ ಬೆಳಿಗ್ಗೆ ಒಂದು ಬಸ್ಸು, ಅದು ಹೋದರೆ ಆ ದಿನದ ಕಾಲೇಜು ಹೋಯಿತು. ಕೊನೆಯ ಪೀರಿಯಡ್ಡು ನಾಲ್ಕಕ್ಕೆ ಎಂದು ನೀವು ಬರೆದಿದ್ದೀರಿ. ವಾಪಸು ಬಸ್ಸು ಮೂರೂವರೆಗೆ. ಯಾರು ಗೆಲ್ಲುತ್ತಾರೆಂದು ಹೇಳಬೇಕಾಗಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ಕಾರ್ಖಾನೆಯ ಕಡೆ ಹೊರಟ ಟ್ರ್ಯಾಕ್ಟರ್ ಸಾಲಿನ ಹಿಂದೆ ಬಸ್ಸು ಸಿಕ್ಕಿಕೊಂಡರೆ ಮೊದಲ ಪೀರಿಯಡ್ಡು ರಸ್ತೆಯಲ್ಲೇ ಮುಗಿಯುತ್ತದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದ 2023ರ ಜೂನ್ 11ರಿಂದ ಮಗಳಿಗೆ ಟಿಕೆಟ್ಟಿನ ಖರ್ಚಿಲ್ಲ, ಕಾಲಿಡಲು ಜಾಗವೂ ಇಲ್ಲ. ಪಕ್ಕದ ಮನೆಯ ಹುಡುಗ ದುಡ್ಡು ಕೊಟ್ಟು ಪಾಸು ಮಾಡಿಸಿ ಅದೇ ಬಾಗಿಲಲ್ಲಿ ಜೋತು ಬೀಳುತ್ತಾನೆ. ಸಮಾನತೆ ಎಂದರೆ ಇದೇ ಇರಬೇಕು.

ಇಷ್ಟಾದ ಮೇಲೂ ಸೆಮಿಸ್ಟರ್ ಕೊನೆಯಲ್ಲಿ ನಿಮ್ಮ ಪಕ್ಕದಲ್ಲೇ ಇನ್ನೊಂದು ಹಾಳೆ ಅಂಟುತ್ತದೆ: ಹಾಜರಿ ಶೇ. 75ಕ್ಕಿಂತ ಕಡಮೆ ಇರುವವರ ಪಟ್ಟಿ. ಮಕ್ಕಳು ಬಂದಾಗ ಮೇಷ್ಟ್ರಿರಲಿಲ್ಲ, ಮೇಷ್ಟ್ರು ಬಂದಾಗ ಬಸ್ಸಿರಲಿಲ್ಲ. ಹಾಜರಿಯಲ್ಲಿ ಕಡಮೆ ಬಿದ್ದವರು ಮಕ್ಕಳು ಮಾತ್ರ.

ಹಿಂದೆ ಇದಕ್ಕಿಂತ ಸುಖವಿತ್ತೆಂದು ನಾನೇನೂ ಹೇಳುವುದಿಲ್ಲ. ಅಕ್ಕಿಹೆಬ್ಬಾಳಿನ ಸಾಹಿತಿ ಎ.ಎನ್. ಮೂರ್ತಿರಾಯರ ಕಾಲದಲ್ಲಿ ಕಾಲೇಜೆಂದರೆ ಊರು ಬಿಟ್ಟು ಮೈಸೂರು ಸೇರುವುದು. ಅಲ್ಲಿ ಬಡ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಜಾತಿ ನೋಡಿಯೇ ಎಲೆ ಹಾಕುತ್ತಿದ್ದರು, ಅದನ್ನು ಮರೆಯಬಾರದು. ಆದರೂ ಅದೊಂದು ಟೈಮ್ ಟೇಬಲ್ಲೇ. ಅದರಲ್ಲಿ ಊಟ ಬರೆದಿತ್ತು, ನಿಮ್ಮಲ್ಲಿ ಬರೆದಿಲ್ಲ.

ಊಟದ ಮಾತು ಹಾಗಿರಲಿ, ಡಿಗ್ರಿ ಎಷ್ಟು ವರ್ಷದ್ದೆಂಬುದೂ ಗಟ್ಟಿಯಿಲ್ಲ. ಅಣ್ಣನ ಮಗ 2021ರಲ್ಲಿ ಸೇರಿದಾಗ ಪದವಿ ನಾಲ್ಕು ವರ್ಷದ್ದಾಗಿತ್ತು. ಒಂದನೇ ವರ್ಷಕ್ಕೆ ಇಳಿದರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸು. ಪ್ರತಿ ಸ್ಟೇಜಿನಲ್ಲೂ ನಿಲ್ಲುವ ಶಟಲ್ ಬಸ್ಸಿನ ಹಾಗೆ. 2024ರಲ್ಲಿ ಮಗಳು ಸೇರುವ ಹೊತ್ತಿಗೆ ಮತ್ತೆ ಮೂರೇ ವರ್ಷ. ಮೈಸೂರು ವಿಶ್ವವಿದ್ಯಾಲಯದ ಕೈಯಿಂದ ನಮ್ಮ ಜಿಲ್ಲೆಯ ಕಾಲೇಜುಗಳು ಮಂಡ್ಯ ವಿಶ್ವವಿದ್ಯಾಲಯದ ಕೈಗೆ ಬಂದವು. ಅದರ ಹೆಸರು ಬಾಯಲ್ಲಿ ಕೂರುವಷ್ಟರಲ್ಲಿ, 2025ರಲ್ಲಿ, ಮುಚ್ಚಬಹುದಾದ ಒಂಬತ್ತು ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಅದೂ ಕಾಣಿಸಿಕೊಂಡಿತು.

ಆದ್ದರಿಂದ ನಮ್ಮ ಅರಿಕೆ ಇಷ್ಟು. ಮುಂದಿನ ಸಲ ನಿಮ್ಮನ್ನು ಬರೆಯುವಾಗ ಪ್ರಿನ್ಸಿಪಾಲರ ಪಕ್ಕ ಡಿಪೋ ಮ್ಯಾನೇಜರನ್ನೂ ಕೂರಿಸಬೇಕು. ಅತಿಥಿಗಳ ಆರ್ಡರು ಜೂನಿನ ಒಳಗೆ ಬರಬೇಕು. ಒಂದು ಗಂಟೆಯ ಚೌಕದಲ್ಲಿ ಮುದ್ದೆಯೋ ಅನ್ನವೋ, ಏನಾದರೂ ಒಂದು ಬರೆಯಬೇಕು.

ಇಂತಿ ನಿಮ್ಮ ವಿಧೇಯ,
ಒಬ್ಬ ಪೋಷಕ.

ವಿ.ಸೂ.: ಕಿರಿಯವನು ಈಗ ಒಂಬತ್ತನೇ ತರಗತಿ. ಅವನು ಕಾಲೇಜಿಗೆ ಬರುವಾಗ ಡಿಗ್ರಿ ಎಷ್ಟು ವರ್ಷದ್ದು, ವಿಶ್ವವಿದ್ಯಾಲಯ ಯಾವುದು ಎಂದು ಈಗಲೇ ತಿಳಿಸಿದರೆ ಕೊಟ್ಟಿಗೆಯಲ್ಲಿರುವ ಎರಡು ಹಸುವಿನಲ್ಲಿ ಒಂದನ್ನು ಮಾರುವುದೋ ಎರಡನ್ನೂ ಮಾರುವುದೋ ತೀರ್ಮಾನಿಸಿಕೊಳ್ಳುತ್ತೇನೆ.